ಲಾವಾ ಹರಿದ ಜಾಗಕ್ಕೆ ಮರಳುವ ಮುನ್ನ: ಓದುಗರ ಪ್ರಶ್ನೆಗಳಿಗೆ ಉತ್ತರ

2018ರ ಮೇ 3ರಂದು ಹವಾಯಿಯ ದೊಡ್ಡ ದ್ವೀಪದ ಪುನಾ ಜಿಲ್ಲೆಯಲ್ಲಿ, ಲೇಲಾನಿ ಎಸ್ಟೇಟ್ಸ್ ಬಡಾವಣೆಯ ನಟ್ಟನಡುವೆ ನೆಲ ಬಿರಿದು ಕಿಲವೆಯಾ ಜ್ವಾಲಾಮುಖಿಯ ಲಾವಾ ಉಕ್ಕಿತು. ಒಂದರ ಹಿಂದೊಂದು 24 ಬಿರುಕುಗಳು ಬಾಯಿಬಿಟ್ಟವು. ಆಗಸ್ಟ್ ಮೊದಲ ವಾರದಲ್ಲಿ ಹರಿವು ನಿಲ್ಲುವ ಹೊತ್ತಿಗೆ 35 ಚದರ ಕಿಲೋಮೀಟರ್ ನೆಲ ಕಲ್ಲಿನಡಿ ಹೋಗಿತ್ತು, 700ಕ್ಕೂ ಹೆಚ್ಚು ಕಟ್ಟಡಗಳು ನಾಶವಾಗಿದ್ದವು. ಕಪೋಹೋ ಕೊಲ್ಲಿಯೇ ತುಂಬಿಹೋಯಿತು. ಅಲ್ಲಿ ಜಾಗ ಉಳ್ಳವರಿಂದ, ಅಲ್ಲಿ ಜಾಗ ಕೊಳ್ಳಲು ಹೊರಟವರಿಂದ ಬಂದ ಪ್ರಶ್ನೆಗಳಲ್ಲಿ ಆಯ್ದವನ್ನು ಈ ಬಾರಿ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಒಂದು ಎಕರೆ ಪೂರ್ತಿ ಲಾವಾ ಕೆಳಗಿದೆ. ಈಗ ಕಲ್ಲನ್ನು ಮುಟ್ಟಿದರೆ ತಣ್ಣಗಿದೆ, ಹಬೆಯೂ ಕಾಣುವುದಿಲ್ಲ. ಬುಲ್ಡೋಜರ್ ತರಿಸಿ ಸಮತಟ್ಟು ಮಾಡಿಸಬಹುದೇ?

ಮುಟ್ಟಿ ನೋಡಿ ನಿರ್ಧರಿಸಬೇಡಿ. ಲಾವಾ ಹೊರಬರುವಾಗ ಸುಮಾರು 1,150 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಮೇಲ್ಪದರ ಬೇಗ ಕಲ್ಲಾಗುತ್ತದೆ, ಆಮೇಲೆ ಆ ಕಲ್ಲೇ ಒಳಗಿನ ಬಿಸಿಗೆ ಕಂಬಳಿ ಹೊದಿಸಿದಂತಾಗುತ್ತದೆ. ಕಲ್ಲಿನಲ್ಲಿ ಶಾಖ ಬಹಳ ನಿಧಾನವಾಗಿ ಹಾಯುತ್ತದೆ. ಕಿಲವೆಯಾದ ಲಾವಾ ಮೇಲಿಂದ ಕೆಳಕ್ಕೆ ಗಟ್ಟಿಯಾಗುವ ಬಗೆಗೆ ನೆನಪಿಟ್ಟುಕೊಳ್ಳಬಹುದಾದ ಲೆಕ್ಕವೊಂದಿದೆ: ಮೇಲಿನ 1 ಮೀಟರ್ ಗಟ್ಟಿಯಾಗಲು ಸುಮಾರು 1 ವಾರ, 2 ಮೀಟರಿಗೆ 4 ವಾರ, 3 ಮೀಟರಿಗೆ 9 ವಾರ. ದಪ್ಪ ಎರಡರಷ್ಟಾದರೆ ಕಾಲ ನಾಲ್ಕರಷ್ಟಾಗುತ್ತದೆ. ಕೆಳಗಿನಿಂದಲೂ ಒಂದಿಷ್ಟು ಗಟ್ಟಿಯಾಗುತ್ತ ಬರುವುದರಿಂದ 10ರಿಂದ 15 ಮೀಟರ್ ದಪ್ಪದ ಹರಿವು ನಡುವಿನವರೆಗೂ ಕಲ್ಲಾಗಲು ಸುಮಾರು 8 ತಿಂಗಳಿಂದ ಒಂದೂವರೆ ವರ್ಷ ಬೇಕು. 20ರಿಂದ 30 ಮೀಟರ್ ಇದ್ದಲ್ಲಿ ಎರಡೂವರೆಯಿಂದ 6 ವರ್ಷ. ಇಲ್ಲಿ ‘ಗಟ್ಟಿಯಾಯಿತು’ ಎಂದರೆ ದ್ರವ ಉಳಿದಿಲ್ಲ ಎಂದಷ್ಟೇ. ಆಗಲೂ ಒಳಗೆ ಸಾವಿರ ಡಿಗ್ರಿಯ ಆಸುಪಾಸಿನ ಬಿಸಿ ಇರುತ್ತದೆ, ಅದು ಇಳಿಯಲು ಇನ್ನೂ ಎಷ್ಟೋ ವರ್ಷ ಹಿಡಿಯುತ್ತದೆ. 1959ರಲ್ಲಿ ಕಿಲವೆಯಾ ಇಕಿ ಕುಳಿಯಲ್ಲಿ ತುಂಬಿಕೊಂಡ 100 ಮೀಟರಿಗೂ ಆಳದ ಲಾವಾ ಕೆರೆಯ ನಡುವೆ 1990ರ ದಶಕದ ನಡುಭಾಗದವರೆಗೂ ಕರಗಿದ ಕಲ್ಲು ಇತ್ತು.

ಆದ್ದರಿಂದ ಮೊದಲು ತಿಳಿಯಬೇಕಾದದ್ದು ನಿಮ್ಮ ಜಾಗದ ಮೇಲಿನ ಹರಿವಿನ ದಪ್ಪ. ಅಮೆರಿಕದ ಭೂಗರ್ಭ ಸರ್ವೇಕ್ಷಣಾ ಇಲಾಖೆ (ಯುಎಸ್‌ಜಿಎಸ್) ಸ್ಫೋಟಕ್ಕೆ ಮುಂಚಿನ ಮತ್ತು ನಂತರದ ನೆಲಮಟ್ಟಗಳನ್ನು ಹೋಲಿಸಿ ದಪ್ಪದ ಮಾಹಿತಿ ಪ್ರಕಟಿಸಿದೆ. ಅದರಲ್ಲಿ ನಿಮ್ಮ ಸ್ಥಳ ಹುಡುಕಿ. ಒಂದೇ ಎಕರೆಯ ಒಂದು ಮೂಲೆಯಲ್ಲಿ 3 ಮೀಟರ್, ಇನ್ನೊಂದರಲ್ಲಿ 12 ಮೀಟರ್ ಇರುವುದು ಅಪರೂಪವಲ್ಲ. ಹಳೆಯ ತಗ್ಗು ಇದ್ದಲ್ಲಿ ಲಾವಾ ಆಳವಾಗಿ ನಿಂತಿರುತ್ತದೆ.

ಆಮೇಲೆ ಅಳತೆ. ಕಲ್ಲು ಕೊರೆಯುವ ಡ್ರಿಲ್‌ನಿಂದ ಮನೆ ಕಟ್ಟಲು ಎಣಿಸಿರುವ ಜಾಗದಲ್ಲಿ ಕನಿಷ್ಠ 5 ರಂಧ್ರ ಹಾಕಿಸಿ: ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು. ಅಗಲ ಒಂದು ಇಂಚು, ಆಳ ಒಂದರಿಂದ ಒಂದೂವರೆ ಮೀಟರ್. ಉಕ್ಕಿನ ಕವಚವಿರುವ ಕೆ-ಟೈಪ್ ಥರ್ಮೋಕಪಲ್ (ಹೆಚ್ಚಿನ ಬಿಸಿ ಅಳೆಯುವ ತಂತಿ) ಇಳಿಸಿ, ರಂಧ್ರದ ಬಾಯಿಗೆ ಬಟ್ಟೆ ತುರುಕಿ, ಅಂಕಿ ಓಡಾಡುವುದು ನಿಲ್ಲುವವರೆಗೆ ಕಾಯಿರಿ. ಡ್ರಿಲ್ ತಿರುಗುವಾಗಿನ ಉಜ್ಜುವಿಕೆಯಿಂದಲೂ ರಂಧ್ರ ಕಾದಿರುತ್ತದೆ, ಹಾಗಾಗಿ ಕೊರೆದ ದಿನದ ಅಂಕಿಯನ್ನು ಲೆಕ್ಕಕ್ಕೆ ಹಿಡಿಯದೆ ಮರುದಿನದ್ದನ್ನು ಬರೆದುಕೊಳ್ಳಿ. ಪ್ರತಿ ರಂಧ್ರದಲ್ಲೂ ಅರ್ಧ ಮೀಟರ್ ಮತ್ತು ಒಂದು ಮೀಟರ್ ಎರಡೂ ಆಳದಲ್ಲಿ ಅಳೆಯಿರಿ. ಒಂದು ತಿಂಗಳು ಬಿಟ್ಟು, ಒಮ್ಮೆ ಮಳೆ ಬಿಟ್ಟ ದಿನ, ಒಮ್ಮೆ ಮಳೆಯಿಲ್ಲದ ವಾರದ ಕೊನೆಗೆ ಮತ್ತೆ ನೋಡಿ.

ಒಂದು ಮೀಟರ್ ಆಳದಲ್ಲಿ 40 ಡಿಗ್ರಿಗಿಂತ ಕಡಿಮೆಯಿದ್ದು ಎರಡು ಆಳಗಳ ನಡುವೆ ಹೆಚ್ಚು ವ್ಯತ್ಯಾಸವಿಲ್ಲದಿದ್ದರೆ ಕೆಲಸಕ್ಕೆ ಇಳಿಯಬಹುದು. ಅಂಕಿ 60 ದಾಟಿದರೆ ಪಿವಿಸಿ ಪೈಪು ಮೆತ್ತಗಾಗುತ್ತದೆ, ಕಾಂಕ್ರೀಟ್ ಒಳಗೊಳಗೇ ಕೆಡಬಹುದು, ಅಲ್ಲಿ ಕಟ್ಟಡ ಬೇಡ. 95ರಿಂದ 100ರ ನಡುವೆ ನಿಂತುಬಿಟ್ಟರೆ ವಿಶೇಷ ಎಚ್ಚರ ಬೇಕು: ಒಳಗಿಳಿದ ಮಳೆನೀರು ಕುದಿಯುತ್ತ ಆ ಅಂಕಿಯನ್ನು ಹಿಡಿದಿಟ್ಟಿರುತ್ತದೆ. ಅದರ ಕೆಳಗಿನ ಒಣಕಲ್ಲು ಎಷ್ಟು ಬಿಸಿ ಎಂಬುದನ್ನು ಆ ರಂಧ್ರ ಹೇಳುವುದಿಲ್ಲ.

ಎಲ್ಲರೂ ಎಡವುವುದು ಸಮತಟ್ಟು ಮಾಡುವ ಹಂತದಲ್ಲಿ. ದಿಬ್ಬ ಕಡಿದು ಎರಡು ಮೀಟರ್ ತೆಗೆದರೆ ತೆಗೆದದ್ದು ಆ ಕಂಬಳಿಯನ್ನೇ. ನಿನ್ನೆ ಎರಡು ಮೀಟರ್ ಆಳದಲ್ಲಿದ್ದ ಬಿಸಿ ಇವತ್ತು ಯಂತ್ರದ ಪಟ್ಟಿಯ ಕೆಳಗೆ ಇರುತ್ತದೆ. ಎಷ್ಟು ಕಡಿಯುತ್ತೀರೋ ಅದಕ್ಕಿಂತ ಒಂದು ಮೀಟರ್ ಹೆಚ್ಚು ಆಳದಲ್ಲಿ ಅಳೆಯದೆ ಕಡಿಯಬೇಡಿ. ಸಾಧ್ಯವಿದ್ದರೆ ಕಡಿಯುವುದನ್ನು ಬಿಟ್ಟು ತಗ್ಗನ್ನು ತುಂಬಿಸಿ. ಇನ್ಫ್ರಾರೆಡ್ ಗನ್ (ದೂರದಿಂದಲೇ ಬಿಸಿ ಅಳೆಯುವ ಉಪಕರಣ) ತೋರಿಸುವುದು ಮೇಲ್ಮೈಯನ್ನು ಮಾತ್ರ. ಬಿಸಿ ಕಲೆಗಳನ್ನು ಗುರುತಿಸಲು ಅದನ್ನು ಸೂರ್ಯ ಹುಟ್ಟುವ ಮುಂಚೆ ಬಳಸಿ, ರಂಧ್ರದ ಬದಲಿಗೆ ಬಳಸಬೇಡಿ.

ಪ್ರಶ್ನೆ: ಗುತ್ತಿಗೆದಾರರೊಬ್ಬರು ನಮ್ಮ ಜಾಗವನ್ನು ಒಂದೇ ದಿನದಲ್ಲಿ ಚಪ್ಪಟೆ ಮಾಡಿಕೊಟ್ಟರು. ನೋಡಲು ಚೆನ್ನಾಗಿತ್ತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕಾರು ನಿಲ್ಲಿಸುವ ಕಡೆ ಕುಳಿ ಬಿದ್ದಿದೆ. ಏನಾಗಿದೆ?

ನಿಮ್ಮದು ಪಾಹೋಯ್‌ಹೋಯ್ ಆಗಿರುವ ಸಾಧ್ಯತೆ ಹೆಚ್ಚು. ಹವಾಯಿ ಭಾಷೆಯ ಎರಡು ಪದಗಳನ್ನು ಇಡೀ ಜಗತ್ತಿನ ಭೂವಿಜ್ಞಾನಿಗಳು ಬಳಸುತ್ತಾರೆ: ನಯವಾದ, ಹಗ್ಗ ಹೊಸೆದಂತೆ ಕಾಣುವ ಲಾವಾ ಪಾಹೋಯ್‌ಹೋಯ್, ಒರಟು, ಚೂಪು ಕಲ್ಲುಗಳ ರಾಶಿಯಾದದ್ದು ಆಆ. ಕಣ್ಣಿಗೆ ಭಯ ಹುಟ್ಟಿಸುವ ಆಆ ಮನೆ ಕಟ್ಟುವವರಿಗೆ ಎಷ್ಟೋ ವಾಸಿ. ಅದರ ಮೇಲಿನ ಸಡಿಲ ಕಲ್ಲನ್ನು ತಳ್ಳಿ, ಪುಡಿಮಾಡಿ ಹರಡಬಹುದು, ಕೆಳಗಿನ ತಿರುಳು ಗಟ್ಟಿ ನೀಲಿಗಲ್ಲು. ಪಾಹೋಯ್‌ಹೋಯ್ ಹಾಗಲ್ಲ. ಮೇಲೆ ಚಿಪ್ಪು ಗಟ್ಟಿಯಾದ ಮೇಲೆ ಒಳಗಿನ ಲಾವಾ ಹರಿದುಹೋಗಿ ಟೊಳ್ಳು ಉಳಿದಿರುತ್ತದೆ. ಕೈಯಗಲದ ಗುಳ್ಳೆಯಿಂದ ಹಿಡಿದು ಮನುಷ್ಯ ನಿಂತು ನಡೆಯುವಂಥ ಸುರಂಗದವರೆಗೆ ಎಲ್ಲವೂ ಸಿಗುತ್ತವೆ.

ಒಂದೇ ದಿನದಲ್ಲಿ ಮುಗಿದ ಕೆಲಸ ಎಂದರೆ ಬ್ಲೇಡಿನಿಂದ ಉಬ್ಬು ಕೆರೆದು, ಮೇಲೆ ಸಿಂಡರ್ (ಜ್ವಾಲಾಮುಖಿಯ ಹಗುರ ಗುಳ್ಳೆಗಲ್ಲು) ಜಲ್ಲಿ ಹರಡಿದ್ದಾರೆ, ಅಷ್ಟೇ. ಟೊಳ್ಳು ಹಾಗೆಯೇ ಉಳಿದಿದೆ. ಮಳೆ ಬಂದಾಗ ಸಣ್ಣ ಜಲ್ಲಿ ಬಿರುಕಿನಲ್ಲಿ ಇಳಿದು ಟೊಳ್ಳು ಸೇರುತ್ತದೆ, ಮೇಲೆ ಕುಳಿ ಬೀಳುತ್ತದೆ. ಅಲ್ಲಿ ಸದ್ಯಕ್ಕೆ ಕಾರು ನಿಲ್ಲಿಸಬೇಡಿ.

ಸರಿಯಾದ ಕ್ರಮವೆಂದರೆ, ಭಾರಿ ಬುಲ್ಡೋಜರಿನ (ಡಿ9 ವರ್ಗದ್ದು) ಹಿಂಬದಿಯ ರಿಪ್ಪರ್ ಕೊಕ್ಕೆಯನ್ನು ಇಳಿಸಿ ಇಡೀ ಜಾಗವನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಸೀಳಬೇಕು. ಚಿಪ್ಪು ಒಡೆದು ಟೊಳ್ಳು ಕುಸಿಯುವುದು ಆಗಲೇ, ಯಂತ್ರದ ಎದುರಿಗೇ ಆಗಬೇಕು. ಕೊಕ್ಕೆಗೆ ಬಗ್ಗದ ಉಬ್ಬಿಗೆ ಎಕ್ಸ್‌ಕವೇಟರಿಗೆ ಕಟ್ಟಿದ ಬ್ರೇಕರ್ ಬೇಕು. ತೆರೆದ ಟೊಳ್ಳಿಗೆ ಮೊದಲು ದೊಡ್ಡ ಕಲ್ಲು, ಅದರ ಸಂದಿಗೆ ಮುಷ್ಟಿಗಾತ್ರದ್ದು, ಆಮೇಲೆ ಜಲ್ಲಿ. ಈ ಕ್ರಮ ತಪ್ಪಿದರೆ ಸಣ್ಣದೆಲ್ಲ ದೊಡ್ಡದರ ಸಂದಿಯಲ್ಲಿ ಸೋರಿಹೋಗುತ್ತದೆ. ಯಂತ್ರದ ಪಟ್ಟಿಯಲ್ಲೇ ಹತ್ತಾರು ಬಾರಿ ಓಡಾಡಿಸಿ ಪುಡಿಮಾಡಿಸಿ. ಮೇಲೆ ಜಿಯೋಟೆಕ್ಸ್‌ಟೈಲ್ (ನೀರು ಬಿಟ್ಟು ಸಣ್ಣ ಜಲ್ಲಿ ತಡೆಯುವ) ಬಟ್ಟೆ ಹಾಸಿ, 6 ಇಂಚು ಜಲ್ಲಿಯನ್ನು ಎರಡು ಪದರವಾಗಿ ಹಾಕಿ ರೋಲರ್ ಹೊಡೆಸಿ. ಮನೆಯ ಕಂಬಗಳು ನಿಲ್ಲುವ ಪ್ರತಿ ಬಿಂದುವಿನಲ್ಲೂ 3 ಮೀಟರ್ ಆಳಕ್ಕೆ ಪರೀಕ್ಷೆಯ ರಂಧ್ರ ಕೊರೆಸಿ. ಡ್ರಿಲ್ ಇದ್ದಕ್ಕಿದ್ದಂತೆ ಜಾರಿ ಇಳಿದರೆ ಕೆಳಗೆ ಟೊಳ್ಳಿದೆ. ದುಡ್ಡು ಉಳಿಸಲೇಬೇಕೆಂದರೆ ರೋಲರಿನಲ್ಲಿ ಉಳಿಸಿ, ಈ ರಂಧ್ರಗಳಲ್ಲಿ ಬೇಡ.

ಇಂಥ ಕೆಲಸಕ್ಕೆ ಕೌಂಟಿಯ (ಸ್ಥಳೀಯ ಆಡಳಿತದ) ಲೋಕೋಪಯೋಗಿ ಇಲಾಖೆಯಿಂದ ಗ್ರೇಡಿಂಗ್ ಪರವಾನಗಿ ಬೇಕಾಗುತ್ತದೆ. ಎಷ್ಟು ಘನಗಜ ಕಡಿಯುತ್ತೀರಿ, ಎಷ್ಟು ತುಂಬುತ್ತೀರಿ ಎಂಬ ಲೆಕ್ಕ ಇಟ್ಟುಕೊಂಡೇ ಅಲ್ಲಿಗೆ ಹೋಗಿ.

ಪ್ರಶ್ನೆ: ಗಡಿಕಲ್ಲು, ರಸ್ತೆ ಯಾವುದೂ ಕಾಣದು. ಜಾಗ ಇನ್ನೂ ನಮ್ಮದೇ? ಹೊಸದಾಗಿ ಹುಟ್ಟಿದ ಕಡಲತೀರದಲ್ಲೂ ನಮಗೆ ಪಾಲಿದೆಯೇ?

ಮುಚ್ಚಿಹೋದ ಜಾಗ ನಿಮ್ಮದೇ. ಹೊಸ ತೀರ ನಿಮ್ಮದಲ್ಲ. 1955ರ ಸ್ಫೋಟದಲ್ಲಿ ಪುನಾ ತೀರದಲ್ಲಿ ಹುಟ್ಟಿದ ನೆಲದ ಬಗ್ಗೆ ಹವಾಯಿಯ ಸರ್ವೋಚ್ಚ ನ್ಯಾಯಾಲಯ 1977ರಲ್ಲಿ ತೀರ್ಪು ಕೊಟ್ಟಿದೆ: ಲಾವಾ ಸಮುದ್ರಕ್ಕೆ ಇಳಿದು ಬೆಳೆಸಿದ ನೆಲ ರಾಜ್ಯಕ್ಕೆ ಸೇರಿದ್ದು. 2018ರಲ್ಲಿ ಬೆಳೆದ ಸುಮಾರು 875 ಎಕರೆಗೂ ಇದೇ ನ್ಯಾಯ. ಮುಂಚೆ ನಿಮ್ಮ ಮನೆ ಕಡಲ ಎದುರಿಗಿತ್ತು ಎಂದರೂ ಅಷ್ಟೇ.

ಗಡಿಗೆ ಪರವಾನಗಿ ಇರುವ ಸರ್ವೇಯರ್ ಬೇಕೇ ಬೇಕು. ನೋಂದಾಯಿತ ನಕ್ಷೆಯ ಅಳತೆಗಳನ್ನು, ಲಾವಾ ತಾಗದೆ ಉಳಿದ ಕಡೆಯ ಗಡಿಗುರುತುಗಳಿಂದ ಹಿಡಿದು ಜಿಪಿಎಸ್ ನೆರವಿನಿಂದ ಹೊಸ ಮೇಲ್ಮೈಯಲ್ಲಿ ಗುರುತಿಸಿಕೊಡುತ್ತಾರೆ. ನೀವೇ ಫೋನಿನಲ್ಲಿ ನೋಡಿ ಗೂಟ ಹೊಡೆಯಬೇಡಿ. ಫೋನಿನ ತಪ್ಪು ಹಲವು ಮೀಟರ್ ಇರಬಹುದು. ಜೊತೆಗೆ ಬಿರುಕಿನ ಸಾಲಿನುದ್ದಕ್ಕೂ ಶಿಲಾರಸ ನೆಲವನ್ನು ಇಬ್ಬದಿಗೆ ತಳ್ಳಿದ್ದರಿಂದ ಹಳೆಯ ನಿರ್ದೇಶಾಂಕಗಳೇ ಕದಲಿವೆ. ಪಕ್ಕದವರ ಜಾಗವನ್ನು ತಿಳಿಯದೆ ಸೀಳಿಸಿದ ಮೇಲೆ ಬರುವ ಖರ್ಚು ಸರ್ವೇಗಿಂತ ಬಹಳ ದೊಡ್ಡದು.

ದಾರಿಯದು ಇನ್ನೂ ಕಠಿಣ ಪ್ರಶ್ನೆ. ಹೆದ್ದಾರಿ 132 ಅನ್ನು ಮತ್ತೆ ಕಡಿದು 2019ರ ನವೆಂಬರಿನಲ್ಲಿ ತೆರೆದರು. ಆದರೆ ಬಡಾವಣೆಗಳ ಒಳರಸ್ತೆಗಳಲ್ಲಿ ಹಲವು ಖಾಸಗಿ, ಅವನ್ನು ಯಾರೂ ತಾವಾಗಿ ಬಿಡಿಸಿಕೊಡುವುದಿಲ್ಲ. ಆ ರಸ್ತೆ ಬಳಸುವ ನೆರೆಯವರೆಲ್ಲ ಸೇರಿ, ಹಳೆಯ ರಸ್ತೆಯ ಪಟ್ಟೆಯಲ್ಲೇ ದಾರಿ ಕಡಿಸಿ, ಖರ್ಚು ಹಂಚಿಕೊಂಡ ಬಗ್ಗೆ ಕಾಗದ ಮಾಡಿಕೊಳ್ಳಿ. ಸುಲಭವೆಂದು ಬೇರೆಯವರ ಜಾಗದ ಮೇಲೆ ದಾರಿ ಹಾಯಿಸಿದರೆ ಮುಂದೆ ಮಾರುವಾಗ ಅಥವಾ ಪರವಾನಗಿ ಕೇಳುವಾಗ ಅದೇ ಕುತ್ತಿಗೆಗೆ ಬರುತ್ತದೆ.

ಪ್ರಶ್ನೆ: ನಮ್ಮ ಮನೆ ಉಳಿದಿದೆ, ಸುತ್ತ ಲಾವಾ. ಇತ್ತೀಚೆಗೆ ಹಿತ್ತಲಿನಲ್ಲಿ ಹೊಸದಾಗಿ ಹಬೆ ಏಳುತ್ತಿದೆ, ಮರಗಳು ನಿಂತಲ್ಲೇ ಒಣಗುತ್ತಿವೆ. ಮತ್ತೆ ಸ್ಫೋಟವಾಗುತ್ತದೆಯೇ?

ಲಾವಾ ನಡುವೆ ಉಳಿದ ಇಂಥ ಹಸಿರು ತುಣುಕನ್ನು ಹವಾಯಿಯವರು ಕೀಪುಕ ಎನ್ನುತ್ತಾರೆ. ಹೊಸ ಹಬೆ ಎಂದಾಕ್ಷಣ ಹೊಸ ಸ್ಫೋಟ ಎಂದಲ್ಲ. ಸ್ಫೋಟಕ್ಕೆ ಮುಂಚೆ ಭೂಕಂಪಗಳ ಸಾಲು, ನೆಲದ ಉಬ್ಬು ಕಾಣಿಸುತ್ತವೆ, ಅವನ್ನು ಹವಾಯಿ ಜ್ವಾಲಾಮುಖಿ ವೀಕ್ಷಣಾಲಯ ಹಗಲಿರುಳು ನೋಡುತ್ತಿರುತ್ತದೆ.

ಬಿರುಕುಗಳ ಸಾಲಿನ ಅಡಿಯಲ್ಲಿ, ಮೇಲೆ ಬಾರದೆ ನೆಲದೊಳಗೇ ನಿಂತ ಶಿಲಾರಸದ ಗೋಡೆಯೊಂದು ಇದೆ. ಅದು ತಣಿಯಲು ದಶಕಗಳೇ ಬೇಕು. ಇಳಿದ ಮಳೆನೀರು ಅದರ ಬಿಸಿಗೆ ಹಬೆಯಾಗಿ, ಹಳೆಯ ದಾರಿ ಖನಿಜ ಕಟ್ಟಿ ಮುಚ್ಚಿದಾಗ ಹೊಸ ದಾರಿ ಹುಡುಕುತ್ತದೆ. ಹಾಗಾಗಿಯೇ ವರ್ಷಗಳ ನಂತರವೂ ಹಬೆ ಜಾಗ ಬದಲಿಸುತ್ತದೆ. ಪಾಹೋವಾ ಊರಿನಿಂದ ಕಲಪಾನಾ ಕಡೆಗೆ ಹೋಗುವ ಹೆದ್ದಾರಿ 130ರ ಬದಿಯ ಹಬೆಕಿಂಡಿಗಳು 2018ಕ್ಕಿಂತ ಎಷ್ಟೋ ಮುಂಚಿನಿಂದ ಇದ್ದವು. ಬೇರಿನ ಮಟ್ಟದಲ್ಲಿ ಮಣ್ಣು ಕುದಿಬಿಸಿಯಾದರೆ ಮರ ಬುಡದಿಂದಲೇ ಸಾಯುತ್ತದೆ. ಆದ್ದರಿಂದ ಒಣಗುತ್ತಿರುವ ಮರಗಳ ಸಾಲೇ ನಿಮಗೆ ನಕ್ಷೆ. ತಿಂಗಳಿಗೊಮ್ಮೆ ಹಬೆ ಏಳುವ ಜಾಗ, ಒಣಗಿದ ಮರ, ಮಣ್ಣಿನ ಒಂದಡಿ ಆಳದ ಬಿಸಿ ಈ ಮೂರನ್ನೂ ಕಾಗದದ ಮೇಲೆ ಗುರುತಿಸಿ ದಿನಾಂಕ ಹಾಕಿ. ಆ ಗೆರೆ ಮನೆಯ ಕಡೆಗೆ ಸರಿಯುತ್ತಿದ್ದರೆ ಆ ಮನೆಗೆ ಹೊಸದಾಗಿ ಒಂದು ಡಾಲರೂ ಹಾಕಬೇಡಿ.

ಹಬೆಕಿಂಡಿಗೆ ಮಣ್ಣು, ಕಾಂಕ್ರೀಟ್ ತುಂಬಿಸಿ ಮುಚ್ಚುವುದು ದೊಡ್ಡ ತಪ್ಪು. ಅದು ಪಕ್ಕದಲ್ಲಿ, ಕೆಲವೊಮ್ಮೆ ಮನೆಯ ನೆಲಹಾಸಿನ ಅಡಿಯಲ್ಲೇ ಏಳುತ್ತದೆ.

ಅನಿಲದ ಮಾತು ಬೇರೆ. ಹಬೆ ಬರೀ ನೀರಾವಿ ಆಗಿರಬಹುದು, ಆದರೆ ಖಚಿತ ಮಾಡಿಕೊಳ್ಳಿ. ಬೆಂಕಿಕಡ್ಡಿ ಗೀರಿದ ಘಾಟು ಇದ್ದರೆ ಸಲ್ಫರ್ ಡೈಆಕ್ಸೈಡ್, ಕೊಳೆತ ಮೊಟ್ಟೆಯ ವಾಸನೆ ಇದ್ದರೆ ಹೈಡ್ರೋಜನ್ ಸಲ್ಫೈಡ್. ಎರಡನೆಯದು ಮೂಗನ್ನು ನಂಬಿಸಿ ಮೋಸ ಮಾಡುತ್ತದೆ: ಸುಮಾರು 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 100 ಭಾಗ) ಮುಟ್ಟಿದರೆ ವಾಸನೆಯೇ ತಿಳಿಯದಂತಾಗುತ್ತದೆ. ಕಾರ್ಬನ್ ಡೈಆಕ್ಸೈಡಿಗೆ ವಾಸನೆಯಿಲ್ಲ, ಗಾಳಿಗಿಂತ ಭಾರ, ತಗ್ಗಿನಲ್ಲಿ, ಖಾಲಿ ನೀರಿನ ತೊಟ್ಟಿಯಲ್ಲಿ, ನೆಲದಡಿಯ ಕೋಣೆಯಲ್ಲಿ ನಿಲ್ಲುತ್ತದೆ. ಈ ಮೂರನ್ನೂ ಆಮ್ಲಜನಕವನ್ನೂ ತೋರಿಸುವ ಮೀಟರ್ ಇಟ್ಟುಕೊಂಡು, ಗಾಳಿಯಿಲ್ಲದ ಬೆಳಗಿನ ಹೊತ್ತು ನೆಲಮಟ್ಟದಲ್ಲಿ ಅಳೆಯಿರಿ. ಮನೆಯಲ್ಲಿ ಉಬ್ಬಸದವರು, ಎಳೆಯ ಮಕ್ಕಳು ಇದ್ದರೆ ಘಾಟು ಬರುವ ಜಾಗಕ್ಕೆ ಮರಳುವುದೇ ಬೇಡ ಎನ್ನುವುದು ನಮ್ಮ ಸ್ಪಷ್ಟ ಅಭಿಪ್ರಾಯ.

ಪ್ರಶ್ನೆ: ಕಾಂಕ್ರೀಟ್ ಹಾಸಿನ ಮೇಲೆ ಕಟ್ಟುವುದೋ, ಕಂಬದ ಮೇಲೋ?

ಕಂಬದ ಮೇಲೆ. ಪುನಾದಲ್ಲಿ ಮೊದಲಿಂದಲೂ ಮನೆಗಳನ್ನು ಕಾಂಕ್ರೀಟ್ ದಿಮ್ಮಿಯ ಮೇಲೆ ಮರದ ಕಂಬ ನಿಲ್ಲಿಸಿ ಎತ್ತರಿಸಿ ಕಟ್ಟುತ್ತಾರೆ, ಹೊಸ ಲಾವಾ ಮೇಲೆ ಅದಕ್ಕೆ ಇನ್ನೂ ಬಲವಾದ ಕಾರಣಗಳಿವೆ. ನೆಲ ಒಂದೆಡೆ ಅರ್ಧ ಇಂಚು ಕುಸಿದರೆ ಕಂಬದಡಿ ಜ್ಯಾಕ್ ಕೊಟ್ಟು ಎತ್ತಿ ತುಂಡು ಸೇರಿಸಬಹುದು, ಹಾಸು ಸೀಳಿದರೆ ರಿಪೇರಿ ಇಲ್ಲ. ಕೆಳಗೆ ಗಾಳಿ ಆಡುವುದರಿಂದ ಬಿಸಿ, ತೇವ, ಅನಿಲ ಮನೆಯೊಳಗೆ ಅಷ್ಟಾಗಿ ಏರುವುದಿಲ್ಲ. ಎರಡೂವರೆ ಅಡಿ ಎತ್ತರ ಇಟ್ಟರೆ ಕೆಳಗೆ ತೆವಳಿ ನೋಡಲೂ ಆಗುತ್ತದೆ.

ಮೊಳೆ, ಬೋಲ್ಟು, ಬಿರುಗಾಳಿಗೆ ಛಾವಣಿ ಹಿಡಿದಿಡುವ ಪಟ್ಟಿಗಳಿಗೆ ಸ್ಟೇನ್‌ಲೆಸ್ ಅಥವಾ ಹಾಟ್-ಡಿಪ್ ಗ್ಯಾಲ್ವನೈಸ್ ಆದದ್ದನ್ನೇ (ಕರಗಿದ ಸತುವಿನಲ್ಲಿ ಅದ್ದಿ ತೆಗೆದದ್ದು) ಹಾಕಿ. ಕಡಲ ಉಪ್ಪುಗಾಳಿ, ಜ್ವಾಲಾಮುಖಿಯ ಆಮ್ಲ ಮಂಜು (ಅಲ್ಲಿಯವರು ಅದನ್ನು ‘ವಾಗ್’ ಎನ್ನುತ್ತಾರೆ) ಎರಡೂ ಸೇರಿ ತೆಳು ಲೇಪದ ಕಬ್ಬಿಣವನ್ನು ಬಹು ಬೇಗ ತಿನ್ನುತ್ತವೆ.

ಪ್ರಶ್ನೆ: ನಲ್ಲಿ ನೀರಿಲ್ಲ. ಛಾವಣಿಯ ಮಳೆನೀರೇ ಸಾಕಾಗುತ್ತದೆಯೇ? ಕುಡಿಯಬಹುದೇ?

ಸಾಕಾಗುತ್ತದೆ. ಪಾಹೋವಾ ಸುತ್ತ ವರ್ಷಕ್ಕೆ 100 ಇಂಚಿಗೂ ಹೆಚ್ಚು ಮಳೆ. 1,000 ಚದರಡಿ ಛಾವಣಿಯ ಮೇಲೆ ಒಂದು ಇಂಚು ಬಿದ್ದರೆ 623 ಗ್ಯಾಲನ್. ಚೆಲ್ಲಿದ್ದು, ಆವಿಯಾದದ್ದು ಕಳೆದರೆ 560 ಎಂದು ಹಿಡಿಯಿರಿ. ನಾಲ್ವರ ಮನೆಗೆ ತಲೆಗೆ ದಿನಕ್ಕೆ 50 ಗ್ಯಾಲನ್‌ನಂತೆ ವರ್ಷಕ್ಕೆ 73,000 ಬೇಕು. 1,500 ಚದರಡಿ ಛಾವಣಿ 100 ಇಂಚಿಗೆ 84,000 ಕೊಡುತ್ತದೆ. ಮಳೆಯಿಲ್ಲದ ವಾರಗಳಿಗಾಗಿ 10,000 ಗ್ಯಾಲನ್ ತೊಟ್ಟಿ ಇದ್ದರೆ 50 ದಿನ ನಡೆಯುತ್ತದೆ.

ಕುಡಿಯಲು ಮೂರು ಶತ್ರುಗಳಿವೆ. ಮೊದಲನೆಯದು ಸೀಸ. ವಾಗ್ ಹಾಯ್ದ ಮಳೆ ಆಮ್ಲೀಯವಾಗಿರುತ್ತದೆ. ಅದು ಸೀಸದ ತಲೆಯ ಮೊಳೆ, ಸೀಸದ ಫ್ಲಾಶಿಂಗ್ (ಛಾವಣಿಯ ಸಂದು ಮುಚ್ಚುವ ತಗಡು), ಹಳೆಯ ಬಣ್ಣ, ಬೆಸುಗೆ ಇವುಗಳಿಂದ ಸೀಸವನ್ನು ಕರಗಿಸಿ ತೊಟ್ಟಿಗೆ ತರುತ್ತದೆ. ಉಳಿದ ಹಳೆಯ ಮನೆಗೆ ಮರಳುವವರು ಛಾವಣಿಯನ್ನು ಇಂಚಿಂಚು ನೋಡಲೇಬೇಕು. ತೊಟ್ಟಿಯ ಪಿಎಚ್ ವಾರಕ್ಕೊಮ್ಮೆ ಅಳೆದು, 6.5ಕ್ಕಿಂತ ಕೆಳಗಿದ್ದರೆ ಅಡುಗೆ ಸೋಡಾವನ್ನು ಬಕೆಟ್ಟಿನಲ್ಲಿ ಕರಗಿಸಿ ಸ್ವಲ್ಪ ಸ್ವಲ್ಪವೇ ಹಾಕಿ, ಕಲಕಿ, ಮರುದಿನ ಮತ್ತೆ ಅಳೆಯಿರಿ. ರಾತ್ರಿಯಿಡೀ ಪೈಪಿನಲ್ಲಿ ನಿಂತ ಬೆಳಗಿನ ಮೊದಲ ನೀರನ್ನು ಸೀಸದ ಪರೀಕ್ಷೆಗೆ ಕಳಿಸಿ.

ಎರಡನೆಯದು ರೋಗಾಣು, ಮೂರನೆಯದು ಇಲಿಯ ಶ್ವಾಸಕೋಶದ ಹುಳು. ಈ ಹುಳುವಿನ ಮರಿಗಳು ಗೊಂಡೆಹುಳುಗಳ ಮೈಯಲ್ಲಿರುತ್ತವೆ, ಗೊಂಡೆಹುಳು ತೊಟ್ಟಿಗೆ ಬಿದ್ದು ಸತ್ತರೆ ನೀರಿಗಿಳಿಯುತ್ತವೆ, ಮನುಷ್ಯನ ಮಿದುಳಿನ ಪೊರೆಗೆ ಉರಿಯೂತ ತರುತ್ತವೆ. ಪುನಾ ಇದಕ್ಕೆ ಹೆಸರಾದ ಜಾಗ. ಅಲ್ಟ್ರಾವಯಲೆಟ್ ದೀಪ ಬ್ಯಾಕ್ಟೀರಿಯಾಕ್ಕೆ ಒಳ್ಳೆಯದು, ಈ ಹುಳುವಿಗೆ ಅದೊಂದನ್ನೇ ನಂಬಬೇಡಿ. ಸೋಸುವಿಕೆಯೇ ಕಾವಲು. ಪಂಪಿನ ನಂತರ 20 ಮೈಕ್ರಾನ್, 5 ಮೈಕ್ರಾನ್, ಆಮೇಲೆ 1 ಮೈಕ್ರಾನ್ ‘ಅಬ್ಸೊಲ್ಯೂಟ್’ ಎಂದು ಬರೆದಿರುವ ಫಿಲ್ಟರ್, ಕೊನೆಗೆ ದೀಪ. ‘ನಾಮಿನಲ್’ ಎಂದಿದ್ದರೆ ದೊಡ್ಡ ಕಣಗಳೂ ನುಸುಳಬಹುದು. ದೀಪವನ್ನು ಉರಿಯುತ್ತಿದ್ದರೂ ವರ್ಷಕ್ಕೊಮ್ಮೆ ಬದಲಿಸಿ. ತೊಟ್ಟಿಯ ಹೊದಿಕೆಯಲ್ಲಿ ಸಂದಿ ಬಿಡಬೇಡಿ, ಗೋಡೆಗೆ ತಾಗುವ ಗಿಡ ಕತ್ತರಿಸಿ.

ಮತ್ತೆ ಸ್ಫೋಟ ನಡೆದು ಬೂದಿ, ಗಾಜಿನೆಳೆಗಳು ಉದುರಿದರೆ ಮಳೆ ಬರುವ ಮುಂಚೆ ಛಾವಣಿಯ ಪೈಪನ್ನು ತೊಟ್ಟಿಯಿಂದ ಬಿಡಿಸಿಬಿಡಿ. ಆ ಎಳೆಗಳನ್ನು ಹವಾಯಿಯ ಜ್ವಾಲಾಮುಖಿ ದೇವತೆ ಪೆಲೆಯ ಕೂದಲು ಎನ್ನುತ್ತಾರೆ. ಬರಿಗೈಯಲ್ಲಿ ಗುಡಿಸಬೇಡಿ, ಕಣ್ಣಿಗೆ ಹೋದರೆ ಉಜ್ಜಬೇಡಿ.

ಪ್ರಶ್ನೆ: ಶೌಚಕ್ಕೆ ಗುಂಡಿ ತೋಡಿಸಿದರೆ ಸಾಲದೇ? ಬಿರುಕಿನಲ್ಲಿ ಎಲ್ಲ ಇಳಿದುಹೋಗುತ್ತದೆ.

ಇಳಿದುಹೋಗುವುದೇ ತೊಂದರೆ. ಸೋಸಲು ಮಣ್ಣಿಲ್ಲದ ಕಲ್ಲಿನಲ್ಲಿ ಕೊಳಚೆ ನೇರವಾಗಿ ಅಂತರ್ಜಲಕ್ಕೆ, ಅಲ್ಲಿಂದ ಕಡಲಿಗೆ ಸೇರುತ್ತದೆ. ಹವಾಯಿಯಲ್ಲಿ 2016ರಿಂದ ಹೊಸ ಇಂಗುಗುಂಡಿಗೆ ಅನುಮತಿಯೇ ಇಲ್ಲ, ಹಳೆಯವನ್ನೂ 2050ರೊಳಗೆ ಬದಲಿಸಬೇಕು. ಎಂಜಿನಿಯರ್ ವಿನ್ಯಾಸ ಮಾಡಿ, ಆರೋಗ್ಯ ಇಲಾಖೆ ಒಪ್ಪಿದ ಸೆಪ್ಟಿಕ್ ವ್ಯವಸ್ಥೆ ಬೇಕು. ನೆಲದ ಬಿಸಿ ಅಳೆಯುವಾಗ ತೊಟ್ಟಿ ಕೂರುವ ಜಾಗದಲ್ಲೂ ಒಂದು ರಂಧ್ರ ಹಾಕಿಸಿ.

ಪ್ರಶ್ನೆ: ಸೋಲಾರ್ ಹಾಕಿಸಿದೆವು. ಅರ್ಥಿಂಗ್ ರಾಡು ಕಲ್ಲಿನಲ್ಲಿ ಒಂದಡಿಯೂ ಇಳಿಯಲಿಲ್ಲವೆಂದು ಕೆಲಸದವರು ಕತ್ತರಿಸಿ ನಿಲ್ಲಿಸಿ ಹೋದರು. ಪರವಾಗಿಲ್ಲವೇ?

ಪರವಾಗಿಲ್ಲ ಎನ್ನುವ ಹಾಗಿಲ್ಲ. ಕತ್ತರಿಸಿದ ರಾಡು ಹೆಸರಿಗೆ ಮಾತ್ರ. ಒಣ ಲಾವಾ ವಿದ್ಯುತ್ತಿಗೆ ತೀರ ಕೆಟ್ಟ ವಾಹಕ, ತುಂಬ ಗುಳ್ಳೆಗಳು ಬೇರೆ. ಅಮೆರಿಕದ ವಿದ್ಯುತ್ ಸಂಹಿತೆಯ ಪ್ರಕಾರ 8 ಅಡಿಯ ರಾಡು ನೆಟ್ಟಗೆ ಇಳಿಯದಿದ್ದರೆ ಓರೆಯಾಗಿ ಹೊಡೆಯಬಹುದು. ಅದೂ ಆಗದಿದ್ದರೆ ಎರಡೂವರೆ ಅಡಿ ಆಳದ ಕಾಲುವೆಯಲ್ಲಿ ಪೂರ್ತಿ ಮಲಗಿಸಿ ಮುಚ್ಚಬಹುದು. ಲಾವಾ ನೆಲದಲ್ಲಿ ಹೀಗೆ ಕಾಲುವೆಯೊಳಗೆ ಮಲಗಿಸುವುದೇ ದಾರಿ. ಆ ಕಾಲುವೆಗೆ ಮತ್ತೆ ಅದೇ ಜಲ್ಲಿ ತುಂಬಬೇಡಿ. ರಾಡಿನ ಸುತ್ತ ಬೆಂಟೊನೈಟ್ ಜೇಡಿ ಅಥವಾ ವಾಹಕ ಕಾಂಕ್ರೀಟ್ ಒತ್ತಿ ತುಂಬಿ, ಮೇಲೆ ಮಣ್ಣು ಹಾಕಿ. ಛಾವಣಿಯ ಹೆಚ್ಚುವರಿ ನೀರು ಅಲ್ಲಿಗೆ ಹರಿಯುವಂತೆ ಮಾಡಿದರೆ ಇನ್ನೂ ಒಳ್ಳೆಯದು.

ಇನ್ನೂ ಕಟ್ಟದವರಿಗೆ ಸುಲಭದ ಮಾರ್ಗವಿದೆ. ಕಂಬಗಳ ಅಡಿಪಾಯಕ್ಕೆ ಕಾಂಕ್ರೀಟ್ ಸುರಿಯುವಾಗಲೇ 20 ಅಡಿ ಬರಿ ತಾಮ್ರದ ತಂತಿ (4 ಗೇಜ್) ಅದರೊಳಗೆ, ಸುತ್ತಲೂ ಎರಡು ಇಂಚು ಕಾಂಕ್ರೀಟ್ ಇರುವಂತೆ ಹುದುಗಿಸಿಡಿ. ಆ ಕಾಂಕ್ರೀಟ್ ನೆಲಕ್ಕೆ ನೇರ ತಾಗಿರಬೇಕು, ನಡುವೆ ಪ್ಲಾಸ್ಟಿಕ್ ಹಾಳೆ ಹಾಸಿದರೆ ಉಪಯೋಗವಿಲ್ಲ. ಯಾವ ವಿಧಾನವಾದರೂ ಕೊನೆಗೆ ರೋಧ ಅಳೆಸಿ ಬರಹದಲ್ಲಿ ತೆಗೆದುಕೊಳ್ಳಿ.

ಪ್ರಶ್ನೆ: ಬ್ಯಾಂಕ್ ಸಾಲ, ವಿಮೆ ಸಿಗುತ್ತದೆಯೇ? ಜಾಗ ಅಗ್ಗವಾಗಿ ಮಾರಾಟಕ್ಕಿದೆ, ಕೊಳ್ಳಬಹುದೇ?

ಅಗ್ಗ ಏಕೆಂದು ತಿಳಿದು ಕೊಳ್ಳಿ. ಯುಎಸ್‌ಜಿಎಸ್ ದ್ವೀಪವನ್ನು ಅಪಾಯದ ಪ್ರಕಾರ 9 ಲಾವಾ ವಲಯಗಳಾಗಿ ವಿಂಗಡಿಸಿದೆ. 1 ಅತಿ ಹೆಚ್ಚು ಅಪಾಯದ್ದು, ಲೇಲಾನಿ ಇರುವುದು ಅದರಲ್ಲೇ. 1 ಮತ್ತು 2ರಲ್ಲಿ ಎಫ್‌ಎಚ್‌ಎ (ಅಮೆರಿಕದ ಕೇಂದ್ರ ಸರಕಾರ ಖಾತರಿ ಕೊಡುವ ಗೃಹಸಾಲ) ಸಾಲ ಸಿಗುವುದಿಲ್ಲ, ಸಾಮಾನ್ಯ ವಿಮಾ ಕಂಪನಿಗಳು ಹಿಂಜರಿಯುತ್ತವೆ. ಬೇರೆಲ್ಲೂ ವಿಮೆ ಸಿಗದವರಿಗಾಗಿ 1991ರಲ್ಲಿ ರಾಜ್ಯದ ಕಾನೂನಿನಂತೆ ಹವಾಯಿ ಪ್ರಾಪರ್ಟಿ ಇನ್ಶೂರೆನ್ಸ್ ಅಸೋಸಿಯೇಷನ್ ಹುಟ್ಟಿಕೊಂಡಿತು. ಯಾವುದೇ ಪಾಲಿಸಿಯಲ್ಲಿ ಒಂದು ವಾಕ್ಯವನ್ನು ಹುಡುಕಿ ಓದಿ: ಲಾವಾದ ಬಿಸಿಗೆ ಮನೆ ಹೊತ್ತಿ ಉರಿದರೆ ಅದನ್ನು ಬೆಂಕಿ ಎಂದು ಎಣಿಸುತ್ತಾರೋ, ಹೊರಗಿಡುತ್ತಾರೋ? ಎಣಿಸಿದರೂ, ಮನೆ ಉರಿಯದೆ ಸುತ್ತ ಲಾವಾ ಬಂದು ದಾರಿಯಷ್ಟೇ ಮುಚ್ಚಿದರೆ ಪರಿಹಾರ ಸಿಗುತ್ತದೆಯೇ ಎಂಬುದನ್ನೂ ಕೇಳಿ.

2021ರಲ್ಲಿ ಕೇಂದ್ರ ಸರಕಾರದ ಹಣದಿಂದ ಕೌಂಟಿ ಸ್ವಯಂಪ್ರೇರಿತ ಖರೀದಿ ಯೋಜನೆ ಆರಂಭಿಸಿ, ಸಂತ್ರಸ್ತರಿಂದ ಜಾಗ ಕೊಂಡಿತು. ಹಾಗೆ ಕೊಂಡ ಜಾಗ ಮುಂದೆ ಖಾಲಿಯಾಗಿಯೇ ಉಳಿಯುತ್ತದೆ. ನೀವು ಕೊಳ್ಳಲಿರುವ ಜಾಗದ ಅಕ್ಕಪಕ್ಕ ಅಂಥವು ಎಷ್ಟಿವೆ ಎಂದು ನೋಡಿ, ಏಕೆಂದರೆ ದಾರಿ ಕಡಿಸುವ ಖರ್ಚು ಹಂಚಿಕೊಳ್ಳಲು ಉಳಿಯುವವರು ಅಷ್ಟು ಕಡಿಮೆ. ನಮ್ಮ ಸಲಹೆ: ಸಾಲವಿಲ್ಲದೆ, ನಾಳೆ ಹೋದರೂ ಬದುಕು ನಿಲ್ಲದಷ್ಟು ಹಣವನ್ನು ಮಾತ್ರ ಹಾಕಿ. ಕಲಪಾನಾದಲ್ಲಿ 1990ರ ಹರಿವಿನ ಮೇಲೆ ಮರಳಿ ಕಟ್ಟಿದ ಮನೆಗಳಲ್ಲಿ ಕೆಲವನ್ನು 2010ರ ಹರಿವು ಮತ್ತೆ ತೆಗೆದುಕೊಂಡಿತು.

ಪ್ರಶ್ನೆ: ಬರೀ ಕಪ್ಪು ಕಲ್ಲು. ಏನಾದರೂ ಬೆಳೆಯುತ್ತದೆಯೇ?

ಬೆಳೆಯುತ್ತದೆ. ಪುನಾದ ಪಪ್ಪಾಯಿ ತೋಟಗಳಲ್ಲಿ ಬಹುಪಾಲು ಆಆ ಕಲ್ಲಿನ ಮೇಲೇ ಇವೆ. ಲಾವಾದಲ್ಲಿ ಖನಿಜ ಸಾಕಷ್ಟಿದೆ, ಸಾರಜನಕ ಇಲ್ಲ, ನೀರು ನಿಲ್ಲುವುದಿಲ್ಲ. ಮೂರಡಿ ಅಗಲ, ಎರಡಡಿ ಆಳದ ಗುಂಡಿಯನ್ನು ಒಡೆಸಿ, ತಳಕ್ಕೆ ದಪ್ಪ ರಟ್ಟು ಅಥವಾ ತೆಂಗಿನ ನಾರು ಹಾಸಿ (ಇಲ್ಲದಿದ್ದರೆ ಹಾಕಿದ ಮಣ್ಣೆಲ್ಲ ಒಂದೇ ಮಳೆಗೆ ಬಿರುಕಿಗಿಳಿಯುತ್ತದೆ), ಸಣ್ಣ ಸಿಂಡರ್ ಮತ್ತು ಕಳಿತ ಗೊಬ್ಬರವನ್ನು ಸಮಪಾಲು ತುಂಬಿ. ಮೇಲೆ ಅರ್ಧ ಅಡಿ ಎಲೆ, ತೊಗಟೆ. ತೆಂಗು, ನೋನಿ ಬೇಗ ಹಿಡಿಯುತ್ತವೆ. ತಣಿಯದ ಕಡೆ ನೆಡಬೇಡಿ.

ಬಿರುಕಿನಲ್ಲಿ ತಾನಾಗಿ ಹುಟ್ಟುವ ಓಹಿಯಾ ಸಸಿಯನ್ನು ಕೀಳಬೇಡಿ. ಹೊಸ ಲಾವಾ ಮೇಲೆ ಕಾಡು ಶುರುವಾಗುವುದು ಆ ಮರದಿಂದ. ಅದನ್ನು ಕೆಲವೇ ವಾರಗಳಲ್ಲಿ ಒಣಗಿಸಿಬಿಡುವ ಶಿಲೀಂಧ್ರ ರೋಗವೊಂದು ದ್ವೀಪದಲ್ಲಿ ಹಬ್ಬಿದೆ, ಗಾಯದ ಮೂಲಕ ಒಳಹೋಗುತ್ತದೆ. ಯಂತ್ರ ತೊಗಟೆಗೆ ತಾಗದಂತೆ ನೋಡಿಕೊಳ್ಳಿ. ಬೇರೆಡೆಯಿಂದ ಬಂದ ಬುಲ್ಡೋಜರಿನ ಪಟ್ಟಿಗಳ ಮಣ್ಣನ್ನು ನಿಮ್ಮ ಗಡಿಯ ಹೊರಗೇ ತೊಳೆಸಿ, ಗರಗಸ, ಕತ್ತರಿಗಳನ್ನು 70 ಶೇಕಡಾ ಆಲ್ಕೋಹಾಲಿನಿಂದ ಒರೆಸಿ ಬಳಸಿ.